ಎರಡು ಹನಿ ಲೋಳೆ

ಮೀನಿನ ಬೆನ್ನ ಮೇಲೆ ಮೂರು ಬಿಳಿ ಕಾಳುಗಳಿದ್ದವು, ಉಪ್ಪಿಟ್ಟಿನ ರವೆಯನ್ನು ಯಾರೋ ಚಿಟಿಕೆಯಲ್ಲಿ ಹಿಡಿದು ಉದುರಿಸಿದ ಹಾಗೆ. ಸರ್ವಮಂಗಳಾ ಭೂತಗನ್ನಡಿಯನ್ನು ಗಾಜಿಗೆ ಒತ್ತಿ ಮತ್ತೆ ನೋಡಿದಳು. ಕಿವಿರಿನ ಅಂಚಿನಲ್ಲಿ ಇನ್ನೆರಡು. ಬಾಲದ ಬುಡದಲ್ಲಿ ಎಷ್ಟೋ. ಪಕ್ಕದಲ್ಲಿದ್ದ ಹೆಣ್ಣುಮೀನಿನ ಮೈಮೇಲೂ ಇದ್ದವು. ಅವಳು ಎಣಿಸುವುದನ್ನು ಬಿಟ್ಟಳು.

ಹೊಸಪೇಟೆಯ ತಟ್ಟೆಮೀನು ಕೇಂದ್ರದಲ್ಲಿ ಕ್ವಾರಂಟೈನ್ ಕೊಠಡಿ ಹದಿನಾಲ್ಕು ವರ್ಷದಿಂದ ಅವಳ ಕೈಯಲ್ಲಿತ್ತು. ಹೊರಗಿನಿಂದ ಬಂದ ಯಾವ ಮೀನೂ ಅವಳ ಕಣ್ಣು ತಪ್ಪಿಸಿ ಒಳಗಿನ ತೊಟ್ಟಿಗಳಿಗೆ ಹೋಗಿರಲಿಲ್ಲ. ಎಷ್ಟೋ ಮೀನು ಅವಳ ಕಣ್ಣೆದುರೇ ಸತ್ತಿದ್ದವು, ಆಗೆಲ್ಲ ಅವಳು ಲೆಕ್ಕ ಬರೆದು ಮುಂದಿನ ತೊಟ್ಟಿಗೆ ಹೋಗಿದ್ದಳು. ಆದರೆ ಈ ಜೋಡಿ ಬಂದ ಡಬ್ಬದ ಮೇಲೆ ದುಂಡನೆಯ ಎಳೆ ಅಕ್ಷರದಲ್ಲಿ ಎರಡು ಹೆಸರು ಬರೆದಿತ್ತು: ರೊಟ್ಟಿ, ಹೋಳಿಗೆ. ಅವಳ ತಮ್ಮನ ಮಗಳು ಶಾಂಭವಿ ಇಟ್ಟ ಹೆಸರುಗಳು. "ಎರಡೂ ದುಂಡಗ, ಚಪ್ಪಟಿ ಅದಾವಲ್ಲ ಅತ್ತಿ. ಗಂಡು ರೊಟ್ಟಿ, ಹೆಣ್ಣು ಹೋಳಿಗಿ," ಎಂದಿದ್ದಳು. ಆಗ ಅವಳಿಗೆ ಆರು ವರ್ಷ. ಈಗ ಎಂಟು.

ತಟ್ಟೆಮೀನು ತನ್ನ ಮರಿಗಳಿಗೆ ಮೈಯ ಲೋಳೆಯನ್ನೇ ಉಣಿಸುವ ಮೀನು. ಮರಿಗಳು ತಾಯಿಯ ಪಕ್ಕೆಗೂ ತಂದೆಯ ಪಕ್ಕೆಗೂ ಬಾಯಿ ಹಚ್ಚಿ, ಕರು ಕೆಚ್ಚಲು ಹುಡುಕಿದಂತೆ ಮೇಯುತ್ತವೆ. ಆ ಲೋಳೆಯಲ್ಲಿ ಮನುಷ್ಯರ ಮಗುವಿಗೆ ಬೇಕಾದದ್ದೂ ಬಂದರೆ ಹೇಗೆ ಎಂದು ಒಂದು ಕಾಲದಲ್ಲಿ ಯಾರಿಗೋ ಹೊಳೆಯಿತು. ಕೆಲವು ಮಕ್ಕಳು ಒಂದು ಕಿಣ್ವವಿಲ್ಲದೆ ಹುಟ್ಟುತ್ತಾರೆ. ಅದಿಲ್ಲದಿದ್ದರೆ ಮೈಯೊಳಗಿನ ಒಂದು ಬಗೆಯ ಕೊಬ್ಬು ಕರಗದೆ ನರಗಳ ಸುತ್ತ ಕಟ್ಟಿಕೊಳ್ಳುತ್ತದೆ. ಮೊದಲು ಪಾದ ಸೆಟೆಯುತ್ತದೆ, ಆಮೇಲೆ ಕೈ, ಆಮೇಲೆ ಗಂಟಲು, ಕೊನೆಗೆ ಉಸಿರು. ಕಾರ್ಖಾನೆಯಲ್ಲಿ ಮಾಡಿದ ಕಿಣ್ವವನ್ನು ಆ ಮಕ್ಕಳ ಮೈ ಪರಕೀಯವೆಂದು ತಳ್ಳಿಬಿಡುತ್ತಿತ್ತು. ಹಾಗಾಗಿ ಮೀನಿನ ಮೊಟ್ಟೆಯೊಳಗೆ ಆಯಾ ಮಗುವಿನದೇ ಗುರುತು ಸೇರಿಸಿ, ಒಂದು ಮಗುವಿಗೆ ಒಂದು ಜೋಡಿ ಎಂದು ಬೆಳೆಸಿದರು. ದಿನಕ್ಕೆ ಎರಡು ಹನಿ ಲೋಳೆ, ನಾಲಿಗೆಯ ಕೆಳಗೆ. ಒಬ್ಬರ ಮೀನಿನ ಲೋಳೆ ಇನ್ನೊಬ್ಬರಿಗೆ ಬರುವುದಿಲ್ಲ.

ಎಲ್ಲ ಜೋಡಿಗಳನ್ನೂ ಒಂದೇ ಕಡೆ ಇಟ್ಟರೆ ಒಂದೇ ರೋಗಕ್ಕೆ ಎಲ್ಲವೂ ಹೋದಾವೆಂದು ಮೀನುಗಳನ್ನು ಮಕ್ಕಳ ಮನೆಯಲ್ಲೇ ಇಟ್ಟಿದ್ದರು. ಹೀಗೆ ನಲವತ್ತೆರಡು ಮನೆ. ವಾರಕ್ಕೊಮ್ಮೆ ಕೇಂದ್ರದ ದಾದಿ ಮನೆಮನೆಗೆ ಹೋಗಿ ಲೋಳೆ ತೆಗೆದು, ಹೆಪ್ಪುಗಟ್ಟಿಸಿ ಇಟ್ಟು ಬರುತ್ತಿದ್ದಳು. ಈ ವಾರ ಅವಳು ಮೊದಲು ಹೋದದ್ದೇ ಶಾಂಭವಿಯ ಮನೆಗೆ. ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿದ್ದುದನ್ನು ಕಂಡು, ಮುಂದಿನ ಮನೆಗೆ ಕಾಲಿಡದೆ, ಜೋಡಿಯನ್ನು ಡಬ್ಬಕ್ಕೆ ತುಂಬಿಸಿ ತಂದಿದ್ದಳು. ಇದೊಂದು ಪುಣ್ಯ.

ಬಿಳಿ ಕಾಳಿನೊಳಗೆ ಇರುವುದು ಒಂದೇ ಕೋಶದ ಹುಳ. ಚರ್ಮದ ಕೆಳಗೆ ಕೂತು ಮೀನನ್ನು ತಿನ್ನುತ್ತದೆ, ಕೊಬ್ಬಿ ತಳಕ್ಕೆ ಉದುರುತ್ತದೆ, ಅಲ್ಲಿ ಚಿಪ್ಪು ಕಟ್ಟಿಕೊಂಡು ಒಡೆದು ನೂರಾರು ಮರಿಯಾಗುತ್ತದೆ. ಮರಿಗಳು ಈಜುತ್ತ ಮತ್ತೆ ಮೀನನ್ನು ಹುಡುಕುತ್ತವೆ. ಚರ್ಮದೊಳಗಿದ್ದಾಗ ಮದ್ದು ತಾಗದು, ಚಿಪ್ಪಿನೊಳಗಿದ್ದಾಗಲೂ ತಾಗದು. ಈಜುವ ಆ ಒಂದು ದಿನ ಸಿಕ್ಕಿದರೆ ಮಾತ್ರ ಸಾಯುತ್ತದೆ. ನೀರನ್ನು ಬಿಸಿ ಮಾಡಿದರೆ ಬೇರೆ ಊರುಗಳ ಹುಳ ಸಾಯುತ್ತಿತ್ತಂತೆ. ಇಲ್ಲಿನದು ಬಳ್ಳಾರಿ ಬಿಸಿಲಿಗೆ ಒಗ್ಗಿಹೋಗಿತ್ತು. ಆದ್ದರಿಂದ ನಿಯಮ ಸ್ಪಷ್ಟವಾಗಿತ್ತು: ಇಪ್ಪತ್ತೆಂಟು ದಿನ ಮದ್ದಿನ ನೀರು, ಆಮೇಲೆ ಮದ್ದು ಮೀನಿನ ಮೈ ಬಿಟ್ಟುಹೋಗಲು ಹತ್ತು ದಿನ. ಒಟ್ಟು ಮೂವತ್ತೆಂಟು ದಿನ ಲೋಳೆ ಮುಟ್ಟುವಂತಿಲ್ಲ.

ಶಾಂಭವಿಯ ಮನೆಯ ಫ್ರಿಜ್ಜಿನಲ್ಲಿದ್ದುದು ಹನ್ನೆರಡು ದಿನದ ಲೋಳೆ. ಅದು ಮುಗಿದ ಮೇಲೆ ಉಸಿರು ನಿಲ್ಲಲು ಹತ್ತು ದಿನ ಸಾಕು.

ಸರ್ವಮಂಗಳಾ ಕೈಗಳನ್ನು ಮೊಣಕೈವರೆಗೆ ಔಷಧದ ನೀರಿನಲ್ಲಿ ಅದ್ದಿ, ಬಟ್ಟೆ ಬದಲಾಯಿಸಿ, ತಮ್ಮನ ಮನೆಗೆ ಹೊರಟಳು.

*

ಖಾಲಿ ತೊಟ್ಟಿಯ ಮುಂದೆ ಶಾಂಭವಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಅತ್ತಿ, ಅವಕ್ಕ ರವಾ ಅಂಟೈತಂತ? ಉಪ್ಪಿಟ್ಟು ಮಾಡಾಕ ಹೋಗಿದ್ವೇನು?"

"ಹೂಂ. ಉಪ್ಪಿಟ್ಟು ಕೆಟ್ಟೈತಿ," ಎಂದಳು ಸರ್ವಮಂಗಳಾ.

"ರೊಟ್ಟಿಗೆ ಬುದ್ಧಿ ಇಲ್ಲ. ಹೋಳಿಗಿ ಹಂಗಲ್ಲ, ಶಾಣ್ಯಾಕಿ. ಯಾವಾಗ ಬರ್ತಾವ?"

ಅತ್ತೆ ಉತ್ತರ ಕೊಡದೆ ಹುಡುಗಿಯ ತಲೆ ಸವರಿ ಅಡುಗೆಮನೆಗೆ ನಡೆದಳು. ಉತ್ತರ ಕೊಡದೆ ಇರುವುದು ಅವಳಿಗೆ ಮೈಗೂಡಿದ ವಿದ್ಯೆ. ಗಾಜಿನಾಚೆಯ ಜೀವಗಳೊಂದಿಗೆ ವರ್ಷಗಟ್ಟಲೆ ಕಳೆದವರಿಗೆ ಮಾತು ಒಂದು ಹೆಚ್ಚಿನ ಸಾಮಾನಿನಂತೆ ಕಾಣತೊಡಗುತ್ತದೆ.

ತಮ್ಮ ಗಾದಿಲಿಂಗ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವನು. ಪಾಳಿ ಬಿಟ್ಟು ಓಡಿಬಂದು ಇನ್ನೂ ಹೆಲ್ಮೆಟ್ ಕೈಯಲ್ಲೇ ಹಿಡಿದು ನಿಂತಿದ್ದ. ಅವನ ಹೆಂಡತಿ ಹುಲಿಗೆಮ್ಮ ಒಲೆಗೆ ಬೆನ್ನು ಹಾಕಿ ನಿಂತಿದ್ದಳು.

"ಹುಳ ತಾನಾಗೇ ಹುಟ್ಟೂದಿಲ್ಲ," ಎಂದಳು ಸರ್ವಮಂಗಳಾ. "ಹೊಸಾ ಮೀನು ಬಿಟ್ಟಿಲ್ಲ. ಹೊಸಾ ಗಿಡ ಹಾಕಿಲ್ಲ. ಮತ್ತ ತೊಟ್ಟಿಗೆ ಏನು ಹೋಗೈತಿ?"

ಗಾದಿಲಿಂಗ ಹೆಂಡತಿಯನ್ನು ನೋಡಿದ. ಹುಲಿಗೆಮ್ಮ ನೆಲ ನೋಡಿದಳು.

"ತೀರ್ಥ ಹಾಕೀನಿ," ಎಂದಳು. "ಮೀನಮ್ಮನ ಮಡುವಿಂದು. ಎರಡು ವರ್ಷ ಆತು, ಪ್ರತಿ ಅಮಾಸಿಗೆ ಒಂದು ಚಮಚಾ ಹಾಕ್ತೀನಿ. ಅದು ಹುಡುಗಿ ಜೀವ ಕಾಯೋ ನೀರು ಅಕ್ಕಾರ. ಎರಡು ವರ್ಷ ಏನೂ ಆಗಿಲ್ಲ, ಈಗ್ಯಾಕ ಆಗ್ತೈತಿ?"

ಮೀನಮ್ಮನ ಮಡು ನದಿಯ ಬಾಗಿನಲ್ಲಿ, ಬೈಕಿನಲ್ಲಿ ಒಂದು ಗಂಟೆಯ ದಾರಿ. ಚರ್ಮದ ಕಾಯಿಲೆ, ನರದ ಕಾಯಿಲೆ ಇದ್ದವರು ಹರಕೆ ಹೊತ್ತು ಅಲ್ಲಿನ ಮೀನುಗಳಿಗೆ ಮಂಡಕ್ಕಿ ಹಾಕಿ, ಅವು ಮುಟ್ಟಿದ ನೀರನ್ನು ತೀರ್ಥವೆಂದು ತರುತ್ತಾರೆ. ಸಾವಿರಾರು ಮೀನು ಒಂದರ ಮೈಗೆ ಒಂದು ತಾಗುವ ನೀರು ಅದು. ಅಲ್ಲಿನ ಮೀನುಗಳಿಗೆ ಹುಳ ಅಭ್ಯಾಸವಾಗಿಹೋಗಿರುತ್ತದೆ. ತೊಟ್ಟಿಯಲ್ಲಿ ಹುಟ್ಟಿ ತೊಟ್ಟಿಯಲ್ಲೇ ಬೆಳೆದ ತಟ್ಟೆಮೀನಿಗೆ ಅಲ್ಲ.

"ಈ ಸಲ ತಾಮ್ರದ ತಂಬಿಗ್ಯಾಗ ತರಲಿಲ್ಲೇನು?" ಎಂದು ಕೇಳಿದಳು ಸರ್ವಮಂಗಳಾ. ಕೇಳಿದ ಮೇಲೆ ತಾನೇನು ಕೇಳಿದೆನೆಂದು ಅವಳಿಗೆ ತಿಳಿಯಿತು.

ಹುಲಿಗೆಮ್ಮ ತಲೆ ಎತ್ತಿದಳು. "ಇಲ್ಲ. ಹುಡುಗಿಗೆ ಜ್ವರ ಇತ್ತು, ಅವಸರ. ತಂಬಿಗಿ ಮರೆತು ಹೋಗಿದ್ವಿ. ಅಲ್ಲೇ ಒಂದು ಜ್ಯೂಸಿನ ಬಾಟ್ಲ್ಯಾಗ ಹಿಡಕೊಂಡು ಬಂದು ಸೀದಾ ಹಾಕಿದೆ. ದೇವರ ಮುಂದ ಎರಡು ದಿನ ಇಡೂದು ಪದ್ಧತಿ, ಅದನ್ನೂ ಮಾಡಲಿಲ್ಲ." ಆಮೇಲೆ ಕೇಳಿದಳು: "ತಂಬಿಗಿ ವಿಷಯ ನಿಮಗ ಹ್ಯಾಂಗ ಗೊತ್ತು?"

ಗೊತ್ತಿತ್ತು. ಎರಡು ವರ್ಷದ ಹಿಂದೆಯೇ ಸರ್ವಮಂಗಳಾ ದೇವರ ಗೂಡಿನಲ್ಲಿ ಆ ತಂಬಿಗೆ ನೋಡಿದ್ದಳು, ಮಂಡಕ್ಕಿಯ ಪೊಟ್ಟಣವನ್ನೂ ನೋಡಿದ್ದಳು. ಯಾರಿಗೂ ಹೇಳದೆ ಒಂದು ಚಮಚ ನೀರನ್ನು ಕೇಂದ್ರಕ್ಕೆ ಒಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟಿದ್ದಳು. ಅದರಲ್ಲಿ ಒಂದೂ ಜೀವವಿರಲಿಲ್ಲ. ಎರಡು ದಿನದಲ್ಲಿ ನೀರಿಗೆ ಬಿಟ್ಟುಕೊಂಡ ತಾಮ್ರ, ಈಜುವ ಮರಿಗಳನ್ನು ಕೊಂದುಹಾಕಿತ್ತು. ಒಂದು ಚಮಚದಲ್ಲಿನ ತಾಮ್ರ ಇಡೀ ತೊಟ್ಟಿಗೆ ಲೆಕ್ಕಕ್ಕಿಲ್ಲ. ಅಪಾಯವಿಲ್ಲವೆಂದು ತಿಳಿದ ಮೇಲೆ ದೇವರ ವಿಷಯದಲ್ಲಿ ಮಾತು ಬೆಳೆಸುವುದೇಕೆಂದು ಸುಮ್ಮನಾಗಿದ್ದಳು.

ಅದನ್ನು ಈಗ ಹೇಳಿದಳು. ನಾಲ್ಕೇ ವಾಕ್ಯದಲ್ಲಿ ಮುಗಿಯಿತು.

ಗಾದಿಲಿಂಗನ ಕೈಯಿಂದ ಹೆಲ್ಮೆಟ್ ಬಿತ್ತು. ಹುಲಿಗೆಮ್ಮ ಕೂಗಲಿಲ್ಲ.

"ಗೊತ್ತಿತ್ತು," ಎಂದಳು. "ತಂಬಿಗ್ಯಾಗ ಇಟ್ರ ಮಾತ್ರ ಹಾಕು ಹುಲಿಗಿ, ಇಲ್ಲಾಂದ್ರ ಬ್ಯಾಡ. ಇಷ್ಟ ಅಂದಿದ್ರ ಸಾಕಿತ್ತು. ಅಂದಿದ್ರ ನಿಮ್ಮ ಬಾಯಾಗಿನ ಮುತ್ತು ಉದುರ್ತಿದ್ವೇನು?"

ಹೊರಗಿನಿಂದ ಶಾಂಭವಿ ಕೂಗಿದಳು: "ಅವ್ವಾ, ಖಾಲಿ ತೊಟ್ಟ್ಯಾಗ ನನ್ನ ಮಾರಿ ಕಾಣಸ್ತೈತಿ!"

*

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಬಾಷಾ ಗಾಜಿನ ಗೋಡೆಯಾಚೆ ನಿಂತು ಜೋಡಿಯನ್ನು ಬಹಳ ಹೊತ್ತು ನೋಡಿದರು. ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ. ಬೇಸರವಾದಾಗ ಕನ್ನಡಕ ಒರೆಸುವುದು ಅವರ ರೂಢಿ. ಅವತ್ತು ನಾಲ್ಕು ಸಲ ಒರೆಸಿದರು.

"ಮಂಗಳಮ್ಮ, ಮೇಲಿನವರು ಕೊಂದುಬಿಡ್ರಿ ಅಂತಾರ. ಬಿಸಿಗೆ ಜಗ್ಗದ ಹುಳ. ಒಂದು ಹಸಿ ಕೈ ಸಾಕು, ಇನ್ನ ನಲವತ್ತೊಂದು ಮನಿಗೆ ಮುಟ್ಟತೈತಿ. ಹೊಸಾ ಜೋಡಿ ಮಾಡೂಣ ಅಂದ್ರ ಎಂಟು ತಿಂಗಳು."

"ಎಂಟು ತಿಂಗಳ ಮ್ಯಾಲ ಅದನ್ನ ಯಾರಿಗೆ ಕೊಡೂದು ಸರ್?"

ಅವರು ಮತ್ತೆ ಮೀನುಗಳತ್ತ ತಿರುಗಿದರು.

ಸರ್ವಮಂಗಳಾ ತಾನು ಬರೆದು ತಂದಿದ್ದ ಹಾಳೆಯನ್ನು ಮುಂದಿಟ್ಟಳು. ಹುಳ ತಳಕ್ಕೆ ಉದುರಿದ ಮೇಲೆ ಚಿಪ್ಪು ಒಡೆದು ಮರಿ ಹೊರಬರಲು ಹದಿನೆಂಟು ಗಂಟೆ ಬೇಕು. ಹನ್ನೆರಡು ಗಂಟೆಗೊಮ್ಮೆ ಮೀನನ್ನು ಒಣಗಿದ ಹೊಸ ಟಬ್ಬಿಗೆ, ಹೊಸ ನೀರಿಗೆ ದಾಟಿಸುತ್ತ ಹೋದರೆ ಉದುರಿದ ಹುಳ ಹಳೆಯ ಟಬ್ಬಿನಲ್ಲೇ ಉಳಿಯುತ್ತದೆ. ಆ ಟಬ್ಬನ್ನು ಮಾಳಿಗೆಯ ಬಿಸಿಲಿನಲ್ಲಿ ಮೂರು ದಿನ ಒಣಗಿಸಿದರೆ ಚಿಪ್ಪು ಸುಟ್ಟುಹೋಗುತ್ತದೆ. ನೀರಿನ ಬಿಸಿಗೆ ಜಗ್ಗದ ಹುಳವೂ ನೀರೇ ಇಲ್ಲದಿದ್ದರೆ ಬದುಕದು. ಇದರಲ್ಲಿ ಮದ್ದೇ ಇಲ್ಲ, ಹಾಗಾಗಿ ಲೋಳೆ ಕೆಡುವುದಿಲ್ಲ. ಲೋಳೆಯನ್ನು ಹೆಪ್ಪುಗಟ್ಟಿಸಿ ಹೊರಗೆ ಕಳಿಸಿದರೆ ಅದರಲ್ಲಿ ಹುಳವಿದ್ದರೂ ಸಾಯುತ್ತದೆ.

ಬಾಷಾ ಹಾಳೆಯನ್ನು ಎರಡು ಸಲ ಓದಿದರು. "ಬಲೆ ಹಾಕಿ ಹಿಡಿದ್ರ ಮೈಯಾಗಿನ ಲೋಳೆ ಎಲ್ಲಾ ಬಲೆಗೆ ಹೋಗ್ತೈತಿ."

"ಬಲೆ ಹಾಕೂದಿಲ್ಲ. ನೀರಿನೊಳಗ ಬೋಗುಣಿ ಹಿಡೀತೀನಿ. ಅವು ನನ್ನ ಕೈ ಬಲ್ಲವು, ಬಂದು ಕೂಡ್ತಾವ."

"ಮೀನಿನ ಮೈಮ್ಯಾಲಿನ ಗಾಯ ಮಾಯೂದು ಆ ಲೋಳಿಯಿಂದನ. ಅದನ್ನ ನೀವು ತಗೊಂಡ್ರ ಮೀನು ಸಾಯ್ತೈತಿ. ತಗೊಳ್ಳಲಿಲ್ಲ ಅಂದ್ರ…" ಅವರು ಕನ್ನಡಕ ತೆಗೆದರು. "ದಿನಕ್ಕ ಒಂದೇ ಹನಿ. ಅದೂ ಹನ್ನೆರಡು ದಿನ ಮುಟ್ಟದಂಗ ಬಿಟ್ಟ ಮ್ಯಾಲ. ಒಂದು ಹನಿ ಉಸಿರು ಕಾಯ್ತೈತಿ, ಎರಡನೇದು ಕೈಕಾಲು ಕಾಯ್ತೈತಿ. ಕೈಕಾಲು ಹೋಗಬಹುದು, ತಿಳಕೊಳ್ರಿ. ಮತ್ತ ಇನ್ನೊಂದು. ಒಳಗ ಹೋದವರು ಕೊನೇ ಕಾಳು ಉದುರಿ ಇಪ್ಪತ್ತು ದಿನ ಆಗೂತನಕ ಹೊರಗ ಬರಂಗಿಲ್ಲ. ಮೀನಿಗೂ ನಿಮಗೂ ಒಂದೇ ಕ್ವಾರಂಟೈನು."

"ಹೂಂ," ಎಂದಳು. ಬಾಗಿಲು ಮುಚ್ಚಿ ಹೊರಗಿನಿಂದ ಮುದ್ರೆ ಹಾಕಿದರು.

*

ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ. ಟಬ್ಬು ತುಂಬಿಸುವುದು, ನೀರಿನ ಬಿಸಿಯನ್ನು ಹಳೆಯ ಟಬ್ಬಿನದಕ್ಕೆ ಸರಿಹೊಂದಿಸುವುದು, ಬೋಗುಣಿಯನ್ನು ಮುಳುಗಿಸಿ ಕಾಯುವುದು. ರೊಟ್ಟಿ ಮೊದಲು ಬರುತ್ತಿತ್ತು, ಬುದ್ಧಿ ಇಲ್ಲದ್ದಕ್ಕೇ ಇರಬೇಕು. ಹೋಳಿಗೆ ಮೂಲೆಯಲ್ಲಿ ನಿಂತು ಗಂಡು ಹೋದದ್ದು ಕಂಡ ಮೇಲೆ ಬರುತ್ತಿತ್ತು. ಹಳೆಯ ಟಬ್ಬನ್ನು ಹೊತ್ತು, ಕೊಠಡಿಗೆ ಅಂಟಿದ ಮಾಳಿಗೆಗೆ ಒಯ್ದು ಬೋರಲು ಹಾಕುವಳು. ಆ ತಿಂಗಳ ಬಿಸಿಲಿಗೆ ಕಬ್ಬಿಣದ ಸರಳು ಮುಟ್ಟಿದರೆ ಬೊಬ್ಬೆ ಏಳುತ್ತಿತ್ತು. ಊಟ ಗೋಡೆಯ ಕಿಂಡಿಯಿಂದ ಬರುತ್ತಿತ್ತು. ಮಾತಿಗೆ ಫೋನು. ಅವಳು ಅದನ್ನು ಹೆಚ್ಚು ಬಳಸಲಿಲ್ಲ.

ಮೊದಲ ದಿನಗಳಲ್ಲಿ ಕಾಳು ಹೆಚ್ಚಿದವು, ಒಳಗಿದ್ದವು ಹೊರಬಂದದ್ದಕ್ಕೆ. ನಾಲ್ಕನೆಯ ದಿನ ಎರಡೂ ಮೀನು ಆಹಾರ ಬಿಟ್ಟವು. ಐದನೆಯ ದಿನದಿಂದ ಉದುರತೊಡಗಿತು. ಎಂಟನೆಯ ದಿನದ ಸಂಜೆ ಹೋಳಿಗೆಯ ಕಿವಿರಿನಿಂದ ಕೊನೆಯ ಕಾಳು ಬಿತ್ತು. ಆ ಜಾಗಗಳಲ್ಲೆಲ್ಲ ಈಗ ಗುಂಡುಸೂಜಿಯ ತಲೆಯಷ್ಟು ಗಾಯಗಳು. ಅವುಗಳ ಮೇಲೆ ಲೋಳೆ ತೆಳ್ಳಗೆ, ಹಾಲಿನ ಕೆನೆಯ ಹಾಗೆ ಹರಡಿಕೊಳ್ಳಲು ನೋಡುತ್ತಿತ್ತು.

ಎಂಟಕ್ಕೆ ಇಪ್ಪತ್ತು ಕೂಡಿಸಿದರೆ ಇಪ್ಪತ್ತೆಂಟು. ಅವಳು ಗೋಡೆಗೆ ಒರಗಿ ಕೂತು ಆ ಕೆನೆಯನ್ನೇ ನೋಡುತ್ತಿದ್ದಳು. ಮಾತಾಡದ ಜೀವಗಳ ಜೊತೆ ಮಾತಾಡದೆ ಇರುವುದು ತನಗೆ ಸುಖವೆಂದು ಇಷ್ಟು ವರ್ಷ ಅಂದುಕೊಂಡಿದ್ದಳು. ಅದು ಸುಖವಲ್ಲ, ಸಲೀಸು ಮಾತ್ರ ಎಂದು ಈಗ ತೋರಿತು. ಮೀನು ಬೇನೆ ಎಂದು ಹೇಳುವುದಿಲ್ಲ. ಹಾಗಾಗಿ ನೋಡುವವಳು ಹೇಳದಿದ್ದರೂ ನಡೆಯುತ್ತದೆ.

ಹನ್ನೆರಡನೆಯ ದಿನ ಮನೆಯಲ್ಲಿದ್ದ ಲೋಳೆ ಮುಗಿಯಿತು. ಹದಿಮೂರನೆಯ ದಿನ ಬೆಳಿಗ್ಗೆ ಸರ್ವಮಂಗಳಾ ಮೊದಲ ಹನಿ ತೆಗೆದಳು. ಮೆತ್ತನೆಯ ಸ್ಪಂಜಿನ ಚೂರಿನಿಂದ ರೊಟ್ಟಿಯ ಪಕ್ಕೆಯಲ್ಲಿ ಅರ್ಧ, ಹೋಳಿಗೆಯ ಪಕ್ಕೆಯಲ್ಲಿ ಅರ್ಧ, ಗಾಯವಿಲ್ಲದ ಜಾಗ ಹುಡುಕಿ. ಹೆಪ್ಪುಗಟ್ಟಿಸಿ ಕಿಂಡಿಯಿಂದ ಹೊರಗೆ ಕೊಟ್ಟಳು. ಗಾದಿಲಿಂಗ ಥರ್ಮಾಸ್ ಹಿಡಿದು ಕಾಯುತ್ತಿದ್ದ.

"ಹ್ಯಾಂಗದಾಳ?"

"ಆರಾಮದಾಳ ಅಕ್ಕ. ಕಾಲು ಒಂದೀಟು ಜೋಮು ಅಂತಾಳ, ಅಷ್ಟ."

ಹದಿನಾರನೆಯ ದಿನ ಫೋನು ಬಂತು. ಗಾದಿಲಿಂಗ ಎಂದೂ ಅಳದವನು, ತಂದೆ ಸತ್ತಾಗಲೂ ಪೆಂಡಾಲಿನ ಕೆಲಸ ಮಾಡಿಕೊಂಡು ಓಡಾಡಿದವನು.

"ಅಕ್ಕ, ಚಮಚಾ ಹಿಡಿಯಾಕ ಬರವಲ್ದು ಆಕಿಗೆ. ಕೈಯಾಗ ಕೊಟ್ರ ಬೀಳ್ತೈತಿ. ನಗ್ತಾಳ, ಮತ್ತ ಕೊಡ್ರಿ ಅಂತಾಳ. ಮತ್ತ ಬೀಳ್ತೈತಿ. ಎರಡು ಹನಿ ಬರೂದಿಲ್ಲೇನು?"

"ನೋಡ್ತೀನಿ," ಎಂದು ಅವಳು ಫೋನು ಇಟ್ಟಳು.

ಬಾಷಾ ಅವರಿಗೆ ಕರೆ ಮಾಡಬಹುದಿತ್ತು. ಅವರು ಬೇಡವೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಹುಲಿಗೆಮ್ಮನನ್ನು ಕೇಳಬಹುದಿತ್ತು. ಅದು ಅವಳಿಗೆ ಹೊಳೆಯಲೇ ಇಲ್ಲ. ರೊಟ್ಟಿ ಬೋಗುಣಿಗೆ ಬಂದು ಕೂತಿತು. ಹೆಣ್ಣಿಗಿಂತ ದೊಡ್ಡದು, ಚೇತರಿಸಿಕೊಂಡಂತೆಯೂ ಕಂಡಿತು. ಅದರ ಎಡಪಕ್ಕೆಯಿಂದ ಎರಡನೆಯ ಹನಿ ತೆಗೆದಳು. ಎರಡನ್ನೂ ಒಂದೇ ಗಡ್ಡೆಯಾಗಿ ಹೆಪ್ಪುಗಟ್ಟಿಸಿ ಕಳಿಸಿ, ದಿನದ ಲೆಕ್ಕದ ಹಾಳೆಯಲ್ಲಿ ಒಂದು ಹನಿ ಎಂದೇ ಬರೆದಳು. ಹದಿನೇಳರಂದೂ ಹಾಗೆಯೇ. ಹದಿನೆಂಟರಂದೂ. ಶಾಂಭವಿ ಚಮಚ ಹಿಡಿದಳೆಂದು ತಮ್ಮ ಸುದ್ದಿ ಕಳಿಸಿದ. ಆ ಸಂಜೆ ಸರ್ವಮಂಗಳಾ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಹತ್ತೊಂಬತ್ತರ ಬೆಳಿಗ್ಗೆ ರೊಟ್ಟಿ ಬೋಗುಣಿಗೆ ಬರಲಿಲ್ಲ. ಟಬ್ಬಿನ ತಳದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಎಡಪಕ್ಕೆಯ ಗಾಯಗಳಲ್ಲಿ ಹತ್ತಿಯಂಥ ಬೂಸು ಬೆಳೆದಿತ್ತು. ಲೋಳೆ ಇದ್ದಿದ್ದರೆ ಅದು ಅಂಟುತ್ತಿರಲಿಲ್ಲ. ಕಿವಿರು ಎರಡು ಸಲ ತೆರೆಯಿತು. ಮೂರನೆಯದಕ್ಕೆ ಅವಳು ಕಾದಳು. ಬರಲಿಲ್ಲ.

ಹೋಳಿಗೆ ಮೂಲೆಯಲ್ಲಿ ನಿಂತೇ ಇತ್ತು. ತನಗಿಂತ ಮೊದಲು ಹೋಗುವವನನ್ನು ಕಾಯುತ್ತಿತ್ತು. ಅದನ್ನು ಬೋಗುಣಿಗೆ ಹತ್ತಿಸಲು ಅವತ್ತು ಒಂದು ಗಂಟೆ ಹಿಡಿಯಿತು.

*

ಈ ಸಲ ಅವಳೇ ಫೋನು ಮಾಡಿದಳು. "ಹುಲಿಗಿ, ನೀ ಬಾ. ಗಾದಿಲಿಂಗನ್ನ ಕಳಸಬ್ಯಾಡ. ನೀನ ಬಾ."

ಹುಲಿಗೆಮ್ಮ ಬಂದು ಗಾಜಿನಾಚೆ ನಿಂತಳು. ಹನ್ನೊಂದು ಗಂಟೆಯ ಬಿಸಿಲಲ್ಲಿ ನಡೆದು ಬಂದಿದ್ದಕ್ಕೆ ಸೆರಗು ತಲೆಯ ಮೇಲಿತ್ತು. ಹಿಂದೆ ಬಾಷಾ ನಿಂತಿದ್ದರು. ಕಿಂಡಿಯ ಪಕ್ಕದ ಮೈಕು ಹಾಕಿದರು.

ಸರ್ವಮಂಗಳಾ ಸತ್ತ ಮೀನನ್ನು ತಟ್ಟೆಯಲ್ಲಿಟ್ಟು ಗಾಜಿನ ಹತ್ತಿರ ತಂದಳು.

"ಇದು ಹುಳದಿಂದ ಸತ್ತಿಲ್ಲ. ನನ್ನಿಂದ ಸತ್ತೈತಿ. ಮೂರು ದಿನ ಎರಡೆರಡು ಹನಿ ತಗದೀನಿ. ಹಾಳ್ಯಾಗ ಒಂದು ಅಂತ ಬರದೀನಿ. ಯಾರಿಗೂ ಹೇಳಲಿಲ್ಲ."

ಬಾಷಾ ಬಾಯಿ ತೆರೆದರು. ಹುಲಿಗೆಮ್ಮ ಹಿಂದೆ ತಿರುಗದೆ ಕೈ ಎತ್ತಿ ಅವರನ್ನು ತಡೆದಳು.

"ಯಾರು ಕೇಳಿದ್ರು ಎರಡು ಹನಿ?"

"ಗಾದಿಲಿಂಗ. ಆದರ ತಪ್ಪು ಅವಂದಲ್ಲ."

"ಹುಡುಗಿ ಚಮಚಾ ಹಿಡಿದ್ಲು. ನಿನ್ನಿ ತಾನ ಉಂಡ್ಲು." ಹುಲಿಗೆಮ್ಮನ ದನಿ ಗಾಜಿನಲ್ಲಿ ತೆಳ್ಳಗಾಗಿ ಬಂತು. "ನಾನೂ ಕುಣದಾಡಿದೆ. ಮೀನಮ್ಮಗ ಕಾಯಿ ಒಡಿಸಿದೆ. ನನಗೇನ ಗೊತ್ತು, ಇದರ ಜೀವ ಉಣ್ಣಾಕತ್ತೀವಿ ಅಂತ." ಅವಳು ತಟ್ಟೆಯಲ್ಲಿದ್ದ ಮೀನನ್ನು ನೋಡಿದಳು. "ಇನ್ನ ಏನೈತಿ? ಎಲ್ಲಾ ಹೇಳ್ರಿ. ಈಗ ಮುಚ್ಚಿಟ್ರ ನಾ ಈ ಗಾಜು ಒಡೀತೀನಿ."

ಸರ್ವಮಂಗಳಾ ಹೇಳಿದಳು. ಹೋಳಿಗೆಯ ಮೈಮೇಲೂ ಗಾಯಗಳಿವೆ. ದಿನಕ್ಕೆ ಒಂದು ಹನಿ ತೆಗೆದರೆ ಅದು ಇಪ್ಪತ್ತೆಂಟನೆಯ ದಿನ ಮುಟ್ಟುವುದಿಲ್ಲ. ಅದು ಸತ್ತರೆ ಮುಂದೆ ಏನೂ ಇಲ್ಲ. ಒಂದು ದಿನ ಬಿಟ್ಟು ಒಂದು ದಿನ ಒಂದು ಹನಿ ತೆಗೆದರೆ ಮೀನು ಉಳಿಯಬಹುದು. ಅಷ್ಟರಲ್ಲಿ ಹುಡುಗಿಯ ಕೈ ಹೋಗುತ್ತದೆ. ಮಾತು ಹೋಗುತ್ತದೆ. ನುಂಗುವುದಕ್ಕೆ ನಳಿಕೆ ಹಾಕಬೇಕಾದೀತು. ಉಸಿರು ಉಳಿಯುತ್ತದೋ ಇಲ್ಲವೋ ಯಾರೂ ಹೇಳಲಾರರು.

"ಇದನ್ನ ನಾ ಒಬ್ಬಾಕಿನ ತೀರ್ಮಾನ ಮಾಡಾಕ ಆಗೂದಿಲ್ಲ ಹುಲಿಗಿ. ನೀ ಆಕಿ ತಾಯಿ."

ಹುಲಿಗೆಮ್ಮ ಟಬ್ಬಿನತ್ತ ಬೆರಳು ತೋರಿಸಿ, "ಅದನ್ನ ಒಂದು ಸಲ ಎತ್ತಿ ತೋರಸ್ರಿ," ಎಂದಳು.

ಸರ್ವಮಂಗಳಾ ಬೋಗುಣಿಯನ್ನು ಗಾಜಿಗೆ ಹಿಡಿದಳು. ಹೋಳಿಗೆ ಅದರಲ್ಲಿ ಓರೆಯಾಗಿ ನಿಂತು, ಒಂದೇ ಕಣ್ಣಿನಿಂದ ಹೊರ ನೋಡಿತು.

"ಒಂದಿನ ಬಿಟ್ಟು ಒಂದಿನ," ಎಂದಳು ಹುಲಿಗೆಮ್ಮ. "ಇವತ್ತು ಬ್ಯಾಡ. ಇವತ್ತು ಇದು ಸುಧಾರಿಸಿಕೊಳ್ಳಲಿ."

ಹೊರಟವಳು ಬಾಗಿಲ ಬಳಿ ಗೋಡೆ ಹಿಡಿದು ಕುಸಿದು ಕೂತಳು. ಬಾಷಾ ನೀರು ತರಲು ಓಡಿದರು. ಸರ್ವಮಂಗಳಾ ಗಾಜಿಗೆ ಎರಡೂ ಅಂಗೈ ಒತ್ತಿ ನಿಂತಿದ್ದಳು. ಬಾಗಿಲಿಗೆ ಮುದ್ರೆ ಇತ್ತು.

*

ಮುಂದಿನ ಒಂಬತ್ತು ದಿನ ಎರಡು ಹೊತ್ತೂ ಫೋನು ನಡೆಯಿತು. ಈಚೆಯಿಂದ ಮೀನಿನ ಸುದ್ದಿ, ಆಚೆಯಿಂದ ಮಗುವಿನ ಸುದ್ದಿ. ಯಾರೂ ಸಮಾಧಾನ ಹೇಳಲಿಲ್ಲ.

"ಬೂಸು ಇಲ್ಲ. ಒಂದು ಗಾಯ ಮುಚ್ಚೈತಿ."

"ಎಡಗೈ ಮುಷ್ಟಿ ಬಿಚ್ಚವಲ್ದು."

"ಇವತ್ತು ಒಂದು ಹನಿ ತಗದೀನಿ. ಹೋಳಿಗಿ ಆಹಾರ ಮುಟ್ಟಿಲ್ಲ."

"ಅವ್ವಾ ಅನ್ನಾಕ ಹೋಗಿ ಬರೇ ಗಾಳಿ ಬಂತು ಅಕ್ಕಾರ."

"ಇವತ್ತು ತೆಗೆಯೋ ದಿನ. ತೆಗೀಲೇನು?"

"ಮೀನು ಹ್ಯಾಂಗೈತಿ?"

"ಸೋತೈತಿ."

"ಬಿಡ್ರಿ ಹಂಗಾರ."

ಆ ಒಂದು ಹನಿಯನ್ನು ಬಿಟ್ಟ ದಿನ ಇಪ್ಪತ್ನಾಲ್ಕನೆಯದು. ಅವತ್ತೇ ಮಗುವಿಗೆ ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಕೆ ಹಾಕಿ ಮನೆಗೆ ಕಳಿಸಿದರು. ಮರುದಿನ ಹೋಳಿಗೆ ಆಹಾರದ ಎರಡು ಚೂರು ತಿಂದಿತು.

ಇಪ್ಪತ್ತೆಂಟನೆಯ ದಿನ ಬಾಷಾ ತಾವೇ ಭೂತಗನ್ನಡಿ ಹಿಡಿದು, ಮೀನಿನ ಎರಡೂ ಪಕ್ಕೆ, ಕಿವಿರು, ರೆಕ್ಕೆಗಳ ಒಂದೊಂದು ಎಳೆ ನೋಡಿದರು. ಒಂದೂ ಕಾಳಿರಲಿಲ್ಲ. ಉಳಿದ ನಲವತ್ತೊಂದು ಮನೆಗಳಲ್ಲೂ ಇರಲಿಲ್ಲ. ಅವರು ಸಹಿ ಹಾಕಿ, ಹಾಳೆಯಲ್ಲಿ ತಪ್ಪು ಬರೆದ ಮೂರು ದಿನಗಳ ಮೇಲೆ ಬೆರಳಿಟ್ಟು, "ಇದಕ್ಕ ನಾಳೆ ನೀವು ಉತ್ತರ ಕೊಡಬೇಕು ಮಂಗಳಮ್ಮ," ಎಂದರು. "ಕೊಡ್ತೀನಿ ಸರ್," ಎಂದಳು. ಮುದ್ರೆ ಒಡೆದರು.

ತಮ್ಮನ ಮನೆಯ ಹೊಸ್ತಿಲಲ್ಲಿ ಹುಲಿಗೆಮ್ಮ ನಿಂತಿದ್ದಳು. ಅವಳು ಬಾಗಿಲಿಗೆ ಅಡ್ಡವಾಗಿಯೇ ನಿಂತಳು. ಗಾದಿಲಿಂಗ ಹೋಳಿಗೆಯ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು, ನೀರು ತುಳುಕದಂತೆ ಅವಳ ಪಕ್ಕದಿಂದ ಒಳಗೆ ಒಯ್ದು, ಒಣಗಿಸಿ ಹೊಸ ನೀರು ತುಂಬಿದ್ದ ತೊಟ್ಟಿಯ ಬಳಿ ಇಟ್ಟ. ಹೆಂಗಸರಿಬ್ಬರೇ ಉಳಿದರು.

"ಉಸಿರಾಡ್ತಾಳ," ಎಂದಳು ಹುಲಿಗೆಮ್ಮ. "ತಾನಾಗೇ ಆಡ್ತಾಳ. ಇವತ್ತಿಂದ ದಿನಾ ಹನಿ ಕೊಡಬಹುದಲ್ಲ?"

"ಒಂದು ವಾರ ದಿನಕ್ಕ ಒಂದು. ಆಮ್ಯಾಲ ಎರಡು."

"ಕೈಕಾಲು?"

ಆಸ್ಪತ್ರೆಯವರು ನೋಡೋಣ ಅಂದಿದ್ದರು. ಬಾಷಾ ದೇವರು ದೊಡ್ಡವನು ಅಂದಿದ್ದರು. ಗಾದಿಲಿಂಗ ಅಂಗಡಿಯಿಂದ ಹೊಸ ಚಪ್ಪಲಿ ತಂದಿಟ್ಟಿದ್ದ, ಹೊಸ್ತಿಲ ಪಕ್ಕದಲ್ಲೇ ಇದ್ದವು, ಎಂಟು ವರ್ಷದ ಪಾದದ ಅಳತೆ.

"ಕಾಲು ತಿರುಗಿ ಬರೂದಿಲ್ಲ," ಎಂದಳು ಸರ್ವಮಂಗಳಾ. "ಬಲಗೈ ಒಂದೀಟು ಬಂದೀತು. ಮಾತು ಬರಬಹುದು, ಬರದಿರಬಹುದು, ನನಗ ಗೊತ್ತಿಲ್ಲ. ಹೋಳಿಗಿ ಒಂದ ಐತಿ. ಹೆಚ್ಚಂದ್ರ ಎರಡು ವರ್ಷ ಬದುಕ್ತೈತಿ. ಹೊಸಾ ಜೋಡಿಗೆ ಎಂಟು ತಿಂಗಳು, ಅದು ಆಕಿ ಮೈಗೆ ಹೊಂದದನೂ ಇರಬಹುದು. ಇಷ್ಟ. ಇದರಾಗ ಮುಚ್ಚಿಟ್ಟಿದ್ದು ಏನೂ ಇಲ್ಲ."

ಹುಲಿಗೆಮ್ಮ ಅಳುತ್ತಾಳೆಂದು ಸರ್ವಮಂಗಳಾ ಕಾದಳು. ಅವಳು ಅಳಲಿಲ್ಲ. ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ಇಷ್ಟೂ ಒಳಗ ಹೋಗಿ ಆಕಿಗೆ ಹೇಳ್ರಿ," ಎಂದಳು. "ಒಂದು ವಾರದಿಂದ ಬಂದವರೆಲ್ಲಾ ಆಕಿ ಮುಂದ ನಕ್ಕೋತ ಹೋಗ್ಯಾರ. ಯಾರೂ ಏನೂ ಹೇಳಿಲ್ಲ. ನನಗ ಬಾಯಿ ಬರವಲ್ದು. ಆಕಿಗೆ ಕಿವಿ ಕೇಳತಾವ."

ಸರ್ವಮಂಗಳಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮಂಚದ ಮೇಲೆ ಶಾಂಭವಿ ಮೂರು ದಿಂಬಿಗೆ ಒರಗಿದ್ದಳು. ಮುಷ್ಟಿಗಳು ಎದೆಯ ಮೇಲೆ ಸೆಟೆದಿದ್ದವು. ಕಣ್ಣು ಬಾಗಿಲಲ್ಲೇ ಇತ್ತು. ಅತ್ತೆ ಮಂಚದ ಅಂಚಿನಲ್ಲಿ ಕೂತು, ಬಿಚ್ಚದ ಆ ಎಡಗೈ ಮುಷ್ಟಿಯನ್ನು ತನ್ನ ಎರಡೂ ಕೈಯೊಳಗೆ ತೆಗೆದುಕೊಂಡಳು.

"ಶಾಂಭವಿ," ಎಂದಳು. "ನಿನಗ ಹೇಳೂದು ಬಾಳ ಐತವ್ವ. ಮೊದಲು ರೊಟ್ಟಿ ವಿಷಯ ಹೇಳ್ತೀನಿ."